ಪೆಟ್ಟಿಗೆ ಸಂಖ್ಯೆ ನಲವತ್ತೊಂದು

ವಿಲ್ಮಾ ಕೊಸ್ತಿಕ್ ಜೊತೆಗಿನ ಮೊದಲ ಮಾತುಕತೆ ನಿಗದಿಯಾಗಲು ಆರು ವಾರ ಹಿಡಿಯಿತು. ವಿಶ್ವವಿದ್ಯಾಲಯದಿಂದ ಆಕೆಗೆ ಹೋದ ಎರಡು ಪತ್ರಗಳಿಗೆ ಉತ್ತರವಿರಲಿಲ್ಲ. ಮೂರನೆಯದನ್ನು ಮಾರ್ಲೋ ಫೋರ್ಕ್ ಕಣಿವೆಯ ಅಂಚೆ ಕಚೇರಿಯವರ ಹೆಸರಿಗೆ ಕಳುಹಿಸಿ, ಕೈಗೇ ತಲುಪಿಸುವಂತೆ ಕೋರಿದ ಮೇಲೆ ಒಂದು ಕಾರ್ಡು ಬಂತು. 'ಅಕ್ಟೋಬರ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತು. ಮನೆಗೆ ಬೇಡ, ಅಂಚೆ ಕಚೇರಿಗೆ ಬನ್ನಿ. ಪೆನ್ನು ನಿಮ್ಮದೇ ತನ್ನಿ.'

ಬಾಗಿಲು ಕಾಣುವ ಬೆಂಚನ್ನೇ ಆಕೆ ಆರಿಸಿಕೊಂಡಿದ್ದಳು. ಮಾತನ್ನು ದಾಖಲಿಸಲು ಬಂದವರ ಟೇಪು ತಿರುಗುವ ಮುನ್ನ ಒಂದು ಬಿಳಿ ಹಾಳೆಯನ್ನು ಅವರ ಮುಂದೆ ತಳ್ಳಿದಳು.

"ಮೊದ್ಲು ನಿಮ್ಮ ಹೆಸರು, ವಿಳಾಸ ಬರೀರಿ. ಬಾಕ್ಸ್ ನಂಬರ್ ಬೇಡ. ರಾತ್ರಿ ಎಲ್ಲಿ ಮಲಗ್ತೀರೋ ಆ ಮನೆಯದ್ದು."

ಬರೆದದ್ದನ್ನು ಎರಡು ಸಲ ಓದಿ, ಮಡಚಿ, ಕೈಚೀಲದಲ್ಲಿಟ್ಟುಕೊಂಡ ಮೇಲೆಯೇ ಮಾತಿಗೆ ತೊಡಗಿದಳು.

ವಿಲ್ಮಾಗೆ ಆಗ ಐವತ್ತೆಂಟು. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಕಣಿವೆಯ ತುದಿಯಲ್ಲಿ ರಸ್ತೆ ಮುಗಿಯುವಲ್ಲಿ ಆಕೆ ಬಸ್ಸನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. ಅಲ್ಲಿ ಪಕ್ಕದಲ್ಲೇ, ಕೆಳಗಿನ ಮನೆಗಳ ತಲೆಯ ಮೇಲೆ, ಗಣಿಯವರ ಕಟ್ಟೆ ಇತ್ತು. ಕಲ್ಲಿದ್ದಲು ತೊಳೆದ ಕಪ್ಪು ನೀರನ್ನು ಮಣ್ಣು ಮತ್ತು ಗಣಿಕಸದ ಒಡ್ಡು ಕಟ್ಟಿ ನಿಲ್ಲಿಸಿದ್ದರು. ನೀರಿನೊಳಗಿಂದ ಎದ್ದ ಕಾಂಕ್ರೀಟ್ ಕಂಬದ ಮೇಲೆ, ಒಡ್ಡಿನ ಎತ್ತರದವರೆಗೆ, ಅಡಿಗೊಂದರಂತೆ ಬಿಳಿಗೆರೆ. ನೀರಿನ ಮೇಲೆ ಎಷ್ಟು ಗೆರೆ ಕಾಣುತ್ತವೆಂದು ಎಣಿಸಿ, ಬಸ್ಸಿನ ದಿನಚರಿಯಲ್ಲಿ ಎಣ್ಣೆಯ ಲೆಕ್ಕದ ಪಕ್ಕದಲ್ಲೇ ಬರೆಯುವುದು ಆಕೆಯ ರೂಢಿ. ಕೆಲಸದಿಂದ ನಿವೃತ್ತಳಾದ ಮೇಲೂ ಅದು ನಿಲ್ಲಲಿಲ್ಲ. ನಡೆದೇ ಹೋಗಿ ಎಣಿಸಿ ಬರುತ್ತಿದ್ದಳು. ಕಟ್ಟಿದ ವರ್ಷ ಹನ್ನೊಂದು ಗೆರೆ. 1986ರ ಮಾರ್ಚಿನಲ್ಲಿ ಏಳು; ನೀರು ನಾಲ್ಕಡಿ ಮೇಲೇರಿತ್ತು.

ಆಕೆ ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳಿಗೆ ಕಾಗದ ಬರೆದಳು. ಒಬ್ಬ ತನ್ನ ಕುಟುಂಬದ ಬಣ್ಣದ ಚಿತ್ರ ಕಳುಹಿಸಿದ. ಇನ್ನೊಬ್ಬ ಅದನ್ನೂ ಕಳುಹಿಸಲಿಲ್ಲ. ಏಪ್ರಿಲ್‌ನಲ್ಲಿ ವಿಲ್ಮಾ, ಹೆಸರು ಕೇಳಿದವರೇ ಇಲ್ಲದ ಗುಡ್ಡಗಾಡು ನಾಗರಿಕ ಪಕ್ಷದಿಂದ ರಾಜ್ಯದ ಶಾಸನಸಭೆಗೆ ತಾನೇ ನಿಲ್ಲುವುದಾಗಿ ಹೇಳಿದಳು. ಆ ಕಟ್ಟೆಯ ಮಾತು ಸಭೆಯಲ್ಲಿ ಒಮ್ಮೆಯಾದರೂ ಕೇಳಿಬರಬೇಕು ಎಂಬುದಷ್ಟೇ ಆಕೆಯ ಆಸೆ. ಅದಕ್ಕೆ ಮೊದಲು ಮತಪತ್ರದ ಮೇಲೆ ಹೆಸರು ಬರಬೇಕಿತ್ತು. ದೊಡ್ಡ ಪಕ್ಷಗಳ ಹೆಸರುಗಳು ತಾವಾಗಿಯೇ ಅಚ್ಚಾಗುತ್ತಿದ್ದವು. ಉಳಿದವರು ಕ್ಷೇತ್ರದ ಐನೂರು ಮತದಾರರ ಸಹಿ ತರಬೇಕು.

"ಕತ್ತೆಗೂ ಆನೆಗೂ ಹೆಬ್ಬಾಗಿಲು ತೆಗ್ದಿಟ್ಟಿದ್ದಾರೆ ಕಣೇ," ಎಂದು ಎರಡೂ ಪಕ್ಷಗಳ ಗುರುತು ಹಿಡಿದು ನಕ್ಕವನು ಅಣ್ಣ ಓರ್ವಿಲ್, ಗಣಿಯ ದೂಳು ಕುಡಿದು ಎದೆ ಕೆಟ್ಟವನು. ಪ್ರತಿ ಮಾತಿಗೂ ಕೆಮ್ಮು. "ನಿನಗೆ ಕಿಟಕಿ. ಅದೂ ಮಹಡಿ ಮೇಲಿಂದು."

"ಏಣಿ ಹಿಡ್ಕೊಳೋಕೆ ನೀನಿದ್ದೀಯಲ್ಲ."

"ನಾನು ಹಿಡಿದ್ರೆ ಏಣಿಗೇ ಕೆಮ್ಮು ಬರುತ್ತೆ."

ಬೇಸಿಗೆಯುದ್ದಕ್ಕೂ ಆಕೆ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಮನೆಯಿಂದ ಮನೆಗೆ ನಡೆದಳು. ಆಕೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋದ ಮಕ್ಕಳೇ ಈಗ ಮನೆಯೊಡೆಯರು, ಬೇಡವೆಂದವರು ಕಡಿಮೆ. ಆದರೆ ಜೂನ್ ಎರಡನೆಯ ವಾರದಿಂದ ಒಂದು ಬೂದುಬಣ್ಣದ ಕಾರು ಕಾಣಿಸಿಕೊಂಡಿತು. ವಿಲ್ಮಾ ಇಂದು ಯಾರ ಅಂಗಳದಲ್ಲಿ ನಿಂತಳೋ ನಾಳೆ ಅದೇ ಅಂಗಳದೆದುರು ಅದು ನಿಂತಿರುತ್ತಿತ್ತು. ಒಳಗಿದ್ದವನು ಇಳಿಯುತ್ತಿರಲಿಲ್ಲ. ಕೈ ಬೀಸಿದರೆ ತಾನೂ ಕೈ ಬೀಸುತ್ತಿದ್ದ.

ಆ ಕಣಿವೆಯಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ಸಂಖ್ಯೆಯಿಲ್ಲ. ಅಂಚೆಯವರು ಮನೆ ಬಾಗಿಲಿಗೆ ಬರುವುದೂ ಇಲ್ಲ. ಪ್ರತಿ ಕುಟುಂಬಕ್ಕೂ ಅಂಚೆ ಕಚೇರಿಯ ಗೋಡೆಯಲ್ಲಿ ಒಂದೊಂದು ಬೀಗದ ಪೆಟ್ಟಿಗೆ. ಸಹಿಯ ಹಾಳೆಯ ವಿಳಾಸದ ಸಾಲಿನಲ್ಲಿ ಮೊದಮೊದಲು ಜನ ತಮಗೆ ತೋಚಿದಂತೆ ಬರೆದರು. ಒಬ್ಬಳು 'ಚರ್ಚಿನಾಚೆಯ ನೀಲಿ ಮನೆ' ಎಂದಳು. ಇನ್ನೊಬ್ಬ 'ಸುಟ್ಟ ಸೇತುವೆಯ ಎಡಕ್ಕೆ' ಎಂದ. ವಿಲ್ಮಾಗೆ ಅದನ್ನು ನೋಡಿ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಒಂದು ಕಾಟು ಹೊಡೆಯದೆ ದಿನಚರಿ ಬರೆದ ಕೈ ಅದು. ಜಿಲ್ಲಾ ಕಚೇರಿಯವರು ಓದಿ ನಗುತ್ತಾರೆ, ಕಾಡುಜನ ಅನ್ನುತ್ತಾರೆ ಎನ್ನಿಸಿತು.

"ಚೊಕ್ಕವಾಗಿ ಬರೀರಪ್ಪ," ಎಂದು ಆಮೇಲಿನ ಮನೆಗಳಲ್ಲಿ ಆಕೆಯೇ ಹೇಳಿಕೊಟ್ಟಳು. "ಬಾಕ್ಸ್ ನಂಬರ್ ಹಾಕಿ, ಸಾಕು."

ಮೊದಲ ಹಾಳೆಯ ಮೊದಲ ಸಾಲು ಆಕೆಯದೇ. ಅಲ್ಲೂ ಅದನ್ನೇ ಬರೆದಿದ್ದಳು: ವಿಲ್ಮಾ ಕೊಸ್ತಿಕ್, ಪೆಟ್ಟಿಗೆ ಸಂಖ್ಯೆ ನಲವತ್ತೊಂದು.

ಆಗಸ್ಟ್ ಒಂದರಂದು ಜಿಲ್ಲಾ ಕಚೇರಿಗೆ ಏಳುನೂರ ಹದಿಮೂರು ಸಹಿ ಸಲ್ಲಿಸಿದಳು. ಏಳನೆಯ ದಿನ ಆಕ್ಷೇಪಣೆ ಬಂತು. ಹನ್ನೊಂದರಿಂದ ಮೂರು ದಿನ ಉದ್ದನೆಯ ಮೇಜಿನ ಮುಂದೆ ಸಾಲು ಸಾಲಾಗಿ ಪರಿಶೀಲನೆ ನಡೆಯಿತು. ಒಂದು ಕಡೆ ಆಕ್ಷೇಪಣೆಯವರ ಪರವಾಗಿ ರಾಜಧಾನಿಯಿಂದ ಬಂದ ವಕೀಲ, ಮರದ ಅಳತೆಪಟ್ಟಿಯನ್ನು ಒಂದೊಂದೇ ಸಾಲಿನ ಕೆಳಗೆ ಜಾರಿಸುತ್ತಿದ್ದ. ಮೇಜಿನ ತುದಿಯಲ್ಲಿ ಕಚೇರಿಯ ಅಧಿಕಾರಿಣಿ, ಜೂನ್ ಹಾಲ್ಸಿ ಎಂಬಾಕೆ. ಅವಳ ಇಬ್ಬರು ಮಕ್ಕಳೂ ವಿಲ್ಮಾಳ ಬಸ್ಸಿನಲ್ಲೇ ಶಾಲೆಗೆ ಹೋದವರು.

ಅಳತೆಪಟ್ಟಿ ಮೊದಲ ಸಾಲಿನಲ್ಲೇ ನಿಂತಿತು.

"ವಾಸದ ಸ್ಥಳ ನಮೂದಿಸಿಲ್ಲ," ಎಂದ ವಕೀಲ. "ಪೆಟ್ಟಿಗೇಲಿ ಯಾರೂ ವಾಸ ಮಾಡಲ್ಲ. ಈಕೆ ಎಲ್ಲಿರ್ತಾರೆ ಅಂತ ಈ ಕಾಗದದಿಂದ ತಿಳಿಯಲ್ಲ."

"ಇಲ್ಲೇ ಕೂತಿದ್ದೀನಲ್ರಿ," ಎಂದಳು ವಿಲ್ಮಾ. "ಜೂನ್, ನನ್ನ ಮನೆ ನಿನಗೆ ಗೊತ್ತಿಲ್ವ? ಮಳೆ ಬಂದಾಗೆಲ್ಲ ನಿನ್ನ ಮಕ್ಕಳು ನನ್ನ ಅಡುಗೆಮನೇಲೇ ಇರ್ತಿದ್ವು."

ಜೂನ್ ತಲೆಯೆತ್ತಲಿಲ್ಲ. "ನನಗೆ ಗೊತ್ತಿರೋದು ಲೆಕ್ಕಕ್ಕಿಲ್ಲ, ಮಿಸ್ ವಿಲ್ಮಾ. ಕಾಗದಕ್ಕೆ ಗೊತ್ತಿರಬೇಕು." ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಳು.

ನೀಲಿ ಮನೆ ಉಳಿಯಿತು. ಸುಟ್ಟ ಸೇತುವೆಯೂ ಉಳಿಯಿತು. ಮತದಾರರ ಪಟ್ಟಿಯಲ್ಲೂ ಹಾಗೆಯೇ ಬರೆದಿತ್ತು. ವಿಲ್ಮಾ ಚೊಕ್ಕ ಮಾಡಿಸಿದ ಸಾಲುಗಳು ಒಂದೊಂದಾಗಿ ಬಿದ್ದವು. ಪೆಟ್ಟಿಗೆ ಸಂಖ್ಯೆಗಾಗಿ ನೂರ ಎಪ್ಪತ್ತೊಂದು, ಮನೆಯಲ್ಲಿ ಕರೆಯುವ ಅಡ್ಡಹೆಸರಿನಲ್ಲಿ ಸಹಿ ಹಾಕಿದ್ದಕ್ಕೆ ಮೂವತ್ತೆರಡು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಐನೂರ ಹತ್ತು ಉಳಿದಿದ್ದವು. ಅಷ್ಟಾದರೂ ಸಾಕಿತ್ತು. ಓರ್ವಿಲ್ ಕೆಮ್ಮದೆ ಕುಳಿತಿದ್ದ.

ಆಗ ವಕೀಲ ಚೀಲ ತೆರೆದು ಹದಿಮೂರು ಹಾಳೆಗಳನ್ನು ಅವಸರವಿಲ್ಲದೆ ಮೇಜಿನ ಮೇಲೆ ಹರಡಿದ. ಸಹಿ ವಾಪಸು ಪಡೆದಿದ್ದೇವೆಂದು ಹದಿಮೂರು ಮಂದಿ ಪ್ರಮಾಣ ಮಾಡಿ ಬರೆದುಕೊಟ್ಟ ಹಾಳೆಗಳು.

ನಾನೂರ ತೊಂಬತ್ತೇಳು.

ಹದಿಮೂರರಲ್ಲಿ ಮೂರು ಒಂದೇ ಮನೆಯವು: ಕ್ಲೇಟನ್ ಬೀಮ್, ಅವನ ಹೆಂಡತಿ, ಅವನ ತಾಯಿ. ಕ್ಲೇಟನ್ ಕಚೇರಿಯ ಹೊರಗೆ, ಮೆಟ್ಟಿಲ ಕೆಳಗೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಆರನೆಯ ವಯಸ್ಸಿನಿಂದ ಹನ್ನೆರಡು ವರ್ಷ ಅವನು ಬಸ್ಸಿನಲ್ಲಿ ವಿಲ್ಮಾಳ ಹಿಂದಿನ ಸೀಟಿನಲ್ಲೇ ಕುಳಿತವನು.

"ಮಿಸ್ ವಿಲ್ಮಾ, ನನ್ನ ಮೇಲೆ ಕೋಪಾನಾ?"

"ಬೆದರಿಸಿದ್ರೇನೋ?"

"ಇಲ್ಲ ಮೇಡಂ. ಗಣಿ ಆಫೀಸಿಗೆ ಕರೆದ್ರು. ಕುರ್ಚಿ ಕೊಟ್ರು, ಕಾಫಿ ಕೊಟ್ರು. ಹನ್ನೊಂದು ವರ್ಷದಿಂದ ಅಲ್ಲಿ ದುಡೀತಿದ್ದೀನಿ, ಯಾವತ್ತೂ ಕುರ್ಚಿ ಕೊಟ್ಟೋರಲ್ಲ. ಅಮ್ಮ ಹೇಗಿದ್ದಾರೆ ಅಂತ ಕೇಳಿದ್ರು. ಅಷ್ಟೇ." ಅವನು ಟೋಪಿಯ ಅಂಚನ್ನು ತಿರುಗಿಸುತ್ತಲೇ ಇದ್ದ. "ಅಷ್ಟಕ್ಕೇ ಭಯವಾಯ್ತು."

"ಕಟ್ಟೆ ಕೆಳಗೆ ಮೊದಲ್ನೇ ಮನೆ ಯಾರದ್ದು, ಕ್ಲೇಟನ್?"

"ನಮ್ಮದೇ."

"ಇವತ್ತು ಬೆಳಿಗ್ಗೆ ನಾಲ್ಕು ಗೆರೆ ಇತ್ತು," ಎಂದು ಹೇಳಿ ವಿಲ್ಮಾ ಅಣ್ಣನ ತೋಳು ಹಿಡಿದು ಕಾರಿನತ್ತ ನಡೆದಳು.

ಕಡಿಮೆ ಬಿದ್ದ ಆ ಮೂರು ಸಹಿ ಬೇರೆಯವರು ತೆಗೆದದ್ದಲ್ಲ, ನೂರ ಎಪ್ಪತ್ತೊಂದನ್ನು ತಾನೇ ಕಳೆದದ್ದು ಎಂಬ ಮಾತನ್ನು ಆಕೆ ವಿಶ್ವವಿದ್ಯಾಲಯದವರ ಜೊತೆಗಿನ ನಾಲ್ಕು ಭೇಟಿಗಳಲ್ಲೂ ಹೇಳಿದಳು. ಓರ್ವಿಲ್ ಪ್ರತಿ ಸಲವೂ, "ಸಾಕು ಬಿಡೇ, ಅಕ್ಷರ ಚೆನ್ನಾಗಿರೋದೂ ಒಂದು ರೋಗ," ಎನ್ನುತ್ತಿದ್ದ. ಬೂದು ಕಾರು ಆಗಸ್ಟ್ ಹದಿನಾಲ್ಕರಿಂದ ಕಣಿವೆಗೆ ಬರಲಿಲ್ಲ. ಅದು ಬರುತ್ತಿದ್ದಾಗ ಇಲ್ಲದ ಅಂಜಿಕೆ, ನಿಂತ ಮೇಲೆ ಶುರುವಾಯಿತು ಎಂದು ಆಕೆ ಒಮ್ಮೆ ಹೇಳಿ, ಟೇಪು ನಿಲ್ಲಿಸಲು ಸನ್ನೆ ಮಾಡಿದಳು.

ಕೊನೆಯ ಭೇಟಿ ಮತದಾನದ ದಿನ. ಎರಡೇ ಹೆಸರುಗಳಿದ್ದ ಮತಪತ್ರವನ್ನು ಆಕೆ ಖಾಲಿಯಾಗಿಯೇ ಮತಪೆಟ್ಟಿಗೆಗೆ ಹಾಕಿ ಬಂದಿದ್ದಳು. ಮೂರು ದಿನ ಬಿಡದೆ ಸುರಿದ ಮಳೆ ಬೆಳಿಗ್ಗೆಯಷ್ಟೇ ನಿಂತಿತ್ತು. ಕಣಿವೆಯ ತುದಿಗೆ ನಡೆದು, ಬಸ್ಸು ತಿರುಗುವ ಜಾಗದಲ್ಲಿ ನಿಂತು, ಬೆರಳೆತ್ತಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಕೆಳಗೆ ಬೀಮ್ ಮನೆಯ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಆಮೇಲೆ ದಿನಚರಿ ತೆರೆದು, ವಿಳಾಸದ ಜಾಗದಲ್ಲಿ 'ಸುಟ್ಟ ಸೇತುವೆಯಿಂದ ಮೇಲಕ್ಕೆ, ಎಡಗಡೆಯ ಕೊನೆಯ ಮನೆ' ಎಂದು ಬರೆದು, ಅದರ ಕೆಳಗೆ ಅಂದಿನ ಸಾಲನ್ನು ಸೇರಿಸಿದಳು:

1986 ನವೆಂಬರ್ 4, ಮಂಗಳವಾರ, ಬೆಳಿಗ್ಗೆ 11.20. ಬಿಳಿಗೆರೆ ಎರಡು.