ಪೂಜೆ ಕಳೆದ ಮೇಲೆ ಬರುವ ಎಚ್ಚರಿಕೆ

ಮಾಸ್ತಿಯ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಟಿಲ್ಲರ್, ಕುಡುಗೋಲು, ಔಷಧಿ ಹೊಡೆಯುವ ಪಂಪಿನ ಜೊತೆಗೆ ಹಳೆಯ ಕಂಪ್ಯೂಟರನ್ನೂ ಸಾಲಿಗೆ ಕೂರಿಸುತ್ತೇವೆ. ವೈರುಗಳನ್ನು ಕಿತ್ತು, ಒರೆಸಿ, ಕುಂಕುಮವಿಟ್ಟರೆ ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಎಂ.ಎ. ಓದಿದ ನಾನು ಇದನ್ನು ಪ್ರತಿ ವರ್ಷ ಗೇಲಿ ಮಾಡುತ್ತೇನೆ. ವೈರು ಕೀಳುವವನೂ ನಾನೇ.

ಈ ಸಲ ಅದನ್ನು ಮತ್ತೆ ಮೇಜಿಗೆ ತಂದ ದಿನವೇ ಕೋಲಾರದ ಒಂದು ಕಾಲೇಜಿನಿಂದ ಅತ್ತಿಗೆಗೆ ಫೋನ್ ಬಂತು. ಲ್ಯಾಬ್ ಸಹಾಯಕಿಯ ಕೆಲಸಕ್ಕೆ ಆರಿಸಿದ್ದೇವೆ, ಮೇಲ್ ಕಳಿಸಿದ್ದೇವೆ, ಸಂಜೆ ಐದರೊಳಗೆ ಅದಕ್ಕೇ ಒಪ್ಪಿಗೆ ಬರೆಯಿರಿ ಎಂದರು. ಹೋದ ವರ್ಷವೂ ಇದೇ ಹೊತ್ತಿಗೆ ಅವರು ಮೇಲ್‌ನಲ್ಲಿ ಕರೆದಿದ್ದರು. ಅತ್ತಿಗೆ ಉತ್ತರ ಬರೆದರೂ ಕೆಲಸ ಬೇರೆಯವರ ಪಾಲಾಯಿತು. ಯಾರದೋ ಶಿಫಾರಸು ನಡೆದಿದೆ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ್ದರಿಂದ ಮೇಲ್ ತೆರೆಯುವುದು ಈ ಕಂಪ್ಯೂಟರಿನಲ್ಲಿ ಮಾತ್ರ. ತೆರೆದರೆ ಎಚ್ಚರಿಕೆ: ಈ ಸರ್ವರಿನ ಸೆಕ್ಯುರಿಟಿ ಸರ್ಟಿಫಿಕೇಟನ್ನು ನಂಬಲಾಗದು, ಆದರೂ ಮುಂದುವರಿಯಬೇಕೆ? ಅತ್ತಿಗೆ ಮೌಸ್ ಹಿಡಿದರು. ನಾನು ತಡೆದೆ. ಯಾರೋ ನಡುವೆ ಕೂತು ನಮ್ಮ ಮೇಲ್ ಓದುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಇದನ್ನೆಲ್ಲ ಹಾಕಿಕೊಟ್ಟವನು ಮಾಲೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಅವನಿಗೇ ಫೋನ್ ಮಾಡಿ ದಬಾಯಿಸಿದೆ.

"ನಿಮ್ಮತ್ತಿಗೆ ಮೇಲ್ ಓದ್ಕೊಂಡ್ ಕೂರೋಕೆ ನಂಗೇನ್ ಬೇರೆ ಕೆಲ್ಸ ಇಲ್ವೇನ್ಲಾ? ಸ್ಕ್ರೀನ್ ಮೂಲೇಲಿ ತಾರೀಖು ನೋಡು."

ನೋಡಿದ್ದೇನೆ, ಸರಿಯಾಗಿಯೇ ಇದೆ ಎಂದೆ. ಪಕ್ಕದಲ್ಲಿದ್ದ ಅತ್ತಿಗೆ, ನೀನು ನೋಡಿದ್ದು ಗೋಡೆಯ ಕ್ಯಾಲೆಂಡರು ಎಂದರು. ಸ್ಕ್ರೀನಿನಲ್ಲಿ ಹನ್ನೆರಡು ವರ್ಷ ಹಿಂದಿನ ಜನವರಿ ಒಂದು ಇತ್ತು.

"ಪೂಜೆಗೆ ವೈರ್ ಕಿತ್ತಿರ್ತೀರ. ಒಳಗಿನ ಗಡಿಯಾರದ ಸೆಲ್ ಸತ್ತೋಗಿದೆ, ತಾರೀಖು ಮರ್ತೋಗಿದೆ. ಇವತ್ತಿನ ಸರ್ಟಿಫಿಕೇಟು ಅದರ ಪಾಲಿಗೆ ಇನ್ನೂ ಹುಟ್ಟೇ ಇಲ್ಲ ಕಣೋ. ಎರಡು ದಿನಕ್ಕೆ ನೆಟ್ಟಿಂದ ತಾರೀಖು ತಗೊಂಡು ತಾನೇ ಸರಿಹೋಗ್ತದೆ. ಆದ್ರೆ ಹಂಗೇ ಒತ್ತಿ ಮೇಲ್ ಕಳ್ಸಿದ್ರೆ ಅದೂ ಹಳೇ ತಾರೀಖಲ್ಲೇ ಹೋಗಿ, ಅವ್ರ ಇನ್‌ಬಾಕ್ಸ್ ತಳದಲ್ಲಿ ಬಿದ್ದಿರ್ತದೆ."

ತಾರೀಖು ಸರಿಮಾಡಿದೆ. ಎಚ್ಚರಿಕೆ ಹೋಯಿತು. ನಾಲ್ಕೂವರೆಗೆ ಒಪ್ಪಿಗೆ ಕಳಿಸಿದೆವು, ತಲುಪಿತು ಎಂದು ಉತ್ತರವೂ ಬಂತು.

ಆದರೆ ಅತ್ತಿಗೆ ಏಳಲಿಲ್ಲ. ತಾವು ಕಳಿಸಿದ ಮೇಲ್‌ಗಳ ಪಟ್ಟಿಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆಯುತ್ತ ಹೋದರು. ಎಲ್ಲಕ್ಕಿಂತ ತಳದಲ್ಲಿತ್ತು ಹೋದ ವರ್ಷದ ಉತ್ತರ. ಅದಕ್ಕೆ ಬಿದ್ದಿದ್ದದ್ದು ಅವರು ಈ ಮನೆಗೆ ಸೊಸೆಯಾಗಿ ಬರುವುದಕ್ಕೂ ಮೊದಲಿನ ತಾರೀಖು.

ಹಾಗಾದರೆ ಆಗಲೂ ಎಚ್ಚರಿಕೆ ಬಂದಿರಲೇಬೇಕು. ಆದರೂ ಮುಂದುವರಿ ಎಂದು ಒತ್ತಿದ್ದು ಯಾರು ಎಂದು ಕೇಳಿದೆ.

"ನೀನೇ ಕಣಪ್ಪ. ಇದೆಲ್ಲ ಸುಮ್ನೆ ಹೆದರಿಸ್ತದೆ ಅತ್ತಿಗೆ ಅಂತ ನನ್ ಕೈಯಿಂದ ಮೌಸ್ ಕಿತ್ಕೊಂಡು ಒತ್ತಿದ್ಯಲ್ಲ."

ನನಗೆ ನೆನಪಿಲ್ಲ. ಅತ್ತಿಗೆ ಸುಳ್ಳು ಹೇಳಲು ಏನಾದರೂ ಕಾರಣವಿದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಮಾರನೆಯ ದಿನ ಹೊಸ ಸೆಲ್ ತರಲು ಮಾಲೂರಿನ ಬಸ್ಸು ಹತ್ತಿದೆ. ಶಿಫಾರಸಿನ ಮಾತನ್ನು ಯಾರ್ಯಾರ ಕಿವಿಗೆ ಹಾಕಿದ್ದೆ, ಯಾರ್ಯಾರಿಗೆ ಈಗ ಅದು ಸುಳ್ಳೆಂದು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅದೂ ಪೂರ್ತಿ ನೆನಪಾಗಲಿಲ್ಲ.