ಅತ್ತೆಯ ಕೈಯ ಆರತಿಯನ್ನು ಊದಿ ಆರಿಸಿದ ದಿನ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನನ್ನ ಮದುವೆಯಾಯಿತು. ನನ್ನ ತವರು ಇರಕಲ್ಲಗಡ, ಗಂಡನ ಮನೆ ಹನುಮಸಾಗರದ ಹತ್ತಿರದ ಒಂದು ಹಳ್ಳಿ. ಆಗ ನಮ್ಮ ಕಡೆ ಮದುಮಗಳು ಗಂಡನ ಮನೆಗೆ ಹೋಗುವುದೆಂದರೆ ಎತ್ತಿನ ಚಕ್ಕಡಿಯಲ್ಲೇ. ಆದರೆ ನನ್ನ ಮಾವನವರ ತಮ್ಮ, ಎಲ್ಲರೂ ಕಾಕಾ ಎನ್ನುತ್ತಿದ್ದವರು, ಭಾರಿ ಹುರುಪಿನ ಮನುಷ್ಯ. "ನಮ್ಮ ಸೊಸಿ ಮೋಟಾರಿನ್ಯಾಗ ಬರಬೇಕು, ಊರು ಬಾಯಿ ತಕ್ಕೊಂಡು ನೋಡಬೇಕು" ಎಂದು ಹಟ ಹಿಡಿದು ಕೊಪ್ಪಳದಿಂದ ಬಾಡಿಗೆ ಮೋಟಾರು ತಂದಿದ್ದರು. ಊರು ಬಾಯಿ ತೆರೆದು ನೋಡಿದ್ದು ನಿಜ. ಆದರೆ ಮೋಟಾರನ್ನಲ್ಲ, ನನ್ನನ್ನು.

ಆಗ ಪೆಟ್ರೋಲು ಸರ್ಕಾರದ ಚೀಟಿ ಇದ್ದವರಿಗೆ ಮಾತ್ರ ಸಿಗುತ್ತಿತ್ತು. ಕೊಪ್ಪಳ ಬಿಟ್ಟರೆ ನಮ್ಮ ದಾರಿಯಲ್ಲಿ ಸಿಗುವ ಭರವಸೆ ಇರಲಿಲ್ಲ. ಹೀಗಾಗಿ ಡ್ರೈವರ್ ಮೌಲಾಸಾಬರು ಪರವಾನಗಿ ಮಾಡಿಸಿಕೊಂಡು, ಒಂದು ದೊಡ್ಡ ತಗಡಿನ ಡಬ್ಬಿಯಲ್ಲಿ ಪೆಟ್ರೋಲು ತುಂಬಿಸಿ, ಮೋಟಾರಿನ ಬೆನ್ನಿಗೆ ಸಾಮಾನು ಕಟ್ಟುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಸೋದರಮಾವ ಬೀಡಿ ಸೇದುತ್ತ ಅದರ ಹತ್ತಿರ ಹೋದಾಗ ಮೌಲಾಸಾಬರು ಕೂಗಿದ್ದು ಒಳಗೆ ಕುಳಿತಿದ್ದ ನನಗೂ ಕೇಳಿಸಿತು. "ದೂರ, ದೂರ ಹೋಗ್ರಿ! ಇದು ಸೀಮಿಎಣ್ಣಿ ಅಲ್ರಿ. ಬೆಂಕಿ ಮುಟ್ಟಬೇಕಂತಿಲ್ಲ, ಸಮೀಪ ಬಂದ್ರ ಸಾಕು." ಆ ಮಾತು ನನ್ನ ಕಿವಿಯಲ್ಲಿ ಹೇಗೋ ಉಳಿದುಬಿಟ್ಟಿತು.

ಹೊರಡುವ ಹೊತ್ತಿಗೆ ಬುತ್ತಿಯ ತಕರಾರು ಹುಟ್ಟಿತು. ಮಗಳ ಜೊತೆ ತವರಿನವರು ಬುಟ್ಟಿಗಟ್ಟಲೆ ರೊಟ್ಟಿ, ಉಂಡಿ, ಕರ್ಚಿಕಾಯಿ ಕಟ್ಟಿ ಕಳಿಸಬೇಕು, ಅದನ್ನು ಗಂಡನ ಊರಿನ ಮನೆಮನೆಗೂ ಹಂಚಬೇಕು. ಬುಟ್ಟಿಗಳನ್ನೆಲ್ಲ ಮೋಟಾರಿನ ಹಿಂದೆಯೇ ಕಟ್ಟಬೇಕು, ಆದರೆ ಅಲ್ಲಿ ಪೆಟ್ರೋಲಿನ ಡಬ್ಬಿ ಕೂತಿದೆ.

"ಬೀಗರು ಕೊಟ್ಟ ಬುತ್ತಿಗೆ ಎಣ್ಣಿ ವಾಸನಿ ಬಡಿದ್ರ ಊರ ಮಂದಿಗೆ ಏನ ಹಂಚೂದು?" ಎಂದರು ಕಾಕಾ. "ಡಬ್ಬಿ ಅಲ್ಲಿಂದ ತಗೀರಿ ಸಾಬ್ರ."

"ಮಂದಿ ಕುಂಡ್ರೂ ಕಡೆ ಡಬ್ಬಿ ಕಟ್ಟಬಾರದಂತ ಹುಕುಂ ಐತ್ರಿ. ಬುತ್ತಿನ ಚಕ್ಕಡ್ಯಾಗ ಕಳಸ್ರಿ" ಎಂದರು ಮೌಲಾಸಾಬರು.

"ಸೊಸಿ ಮುಂದ ಬಂದು ಬುತ್ತಿ ಹಿಂದ ಬಂದ್ರ, ಬರಿಗೈಲೆ ಬಂದ್ಲು ಅಂತಾರ. ನಾ ಹೇಳ್ತೀನಿ, ತಗೀರಿ!"

ಬಾಡಿಗೆ ಕೊಟ್ಟವರ ಮಾತೇ ನಡೆಯಿತು. ಮೋಟಾರು ಹತ್ತುವಾಗ ಕಾಲಿಡಲು ಬಾಗಿಲ ಕೆಳಗೆ ಉದ್ದಕ್ಕೆ ಒಂದು ಹಲಗೆ ಇರುತ್ತಿತ್ತು. ನಾನು ಕೂರುವ ಬದಿಯ ಆ ಹಲಗೆಯ ಮೇಲೆ ಡಬ್ಬಿಯನ್ನು ಅಡ್ಡಡ್ಡ ಮಲಗಿಸಿ, ಗಡಗಡ ಅನ್ನಬಾರದೆಂದು ಒಂದು ಕೌದಿ ಸುತ್ತಿ ಹಗ್ಗದಿಂದ ಬಿಗಿದರು. ಆ ಕೌದಿ ನನ್ನ ಅವ್ವ ತನ್ನ ಹಳೆಯ ಸೀರೆಗಳನ್ನು ಸೇರಿಸಿ ನನಗಾಗಿ ಹೊಲಿದದ್ದು. ಮದುಮಗಳನ್ನು ಯಾರು ಕೇಳುತ್ತಾರೆ? ನಾನು ತಲೆ ತಗ್ಗಿಸಿ ಕುಳಿತೆ.

ಕಾಕಾ ಮುಂದೆ ಡ್ರೈವರ್ ಪಕ್ಕ, ನಾನು ಮತ್ತು ನಮ್ಮವರು ಹಿಂದೆ. ನನ್ನ ಸೆರಗಿಗೂ ಅವರ ಶಲ್ಯಕ್ಕೂ ಗಂಟು ಹಾಕಿತ್ತು. ದಿಬ್ಬಣದ ಉಳಿದವರೆಲ್ಲ ಚಕ್ಕಡಿಗಳಲ್ಲಿ ಹಿಂದೆ ಉಳಿದರು. ಕುಷ್ಟಗಿಯವರೆಗೆ ಹೇಗೋ ಬಂದೆವು. ಅಲ್ಲಿಂದ ಮುಂದಿನದು ದಾರಿಯೋ, ಹೊಲದ ಬದುವೋ ಆ ದೇವರಿಗೇ ಗೊತ್ತು. ಒಂದು ಹಳ್ಳ ಇಳಿದು ಏರುವಾಗ ನನ್ನ ಕಾಲ ಕೆಳಗೆ ಕಲ್ಲಿಗೆ ಏನೋ ಧಡ್ಡನೆ ಬಡಿಯಿತು. "ಏನಿಲ್ಲ, ನಡೀರಿ" ಎಂದರು ಕಾಕಾ. ಸ್ವಲ್ಪ ಹೊತ್ತಿಗೆ ನನಗೆ ತಲೆ ಸುತ್ತತೊಡಗಿತು. ಜೀವಮಾನದಲ್ಲಿ ಮೊದಲ ಸಲ ಮೋಟಾರು ಹತ್ತಿದವಳು ನಾನು, ಇದರ ವಾಸನೆಯೇ ಹೀಗಿರಬೇಕು ಎಂದುಕೊಂಡೆ.

ಹೊತ್ತು ಇಳಿಯುವಾಗ ಊರ ಅಗಸಿ ಬಾಗಿಲು ಮುಟ್ಟಿದೆವು. ಹಲಗಿ ಬಾರಿಸುವವರು, ಹೆಂಗಸರು, ಮಕ್ಕಳು ಎಲ್ಲರೂ ಮೋಟಾರನ್ನು ಮುತ್ತಿದರು. ಮಕ್ಕಳು ಮುಂದಿನ ದೀಪಗಳನ್ನು ಕೀಳಲು ಹೊರಟಿದ್ದರಿಂದ ಮೌಲಾಸಾಬರು ಇಳಿದು ಅವರನ್ನು ಅಟ್ಟಲು ಹೋದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನೊಬ್ಬಳೇ, ತಲೆ ತಗ್ಗಿಸಿದ್ದರಿಂದ, ಕೆಳಗೆ ನೋಡುತ್ತಿದ್ದೆ. ಬಾಗಿಲ ಹೊರಗೆ ಜೋತುಬಿದ್ದಿದ್ದ ನನ್ನ ಸೀರೆಯ ಅಂಚು ತೊಯ್ದಿತ್ತು. ಕೌದಿ ಕಪ್ಪಗೆ ನೆನೆದು ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು.

ಆಗಲೇ ನಮ್ಮತ್ತೆ ಆರತಿ ತಟ್ಟೆ ಹಿಡಿದು ನನ್ನ ಬದಿಗೆ ಬಂದರು. ಕಣಕದ ಹಣತೆಗಳಲ್ಲಿ ಐದು ಬತ್ತಿ ಉರಿಯುತ್ತಿದ್ದವು. ಅವರ ಹಿಂದೆ ಇನ್ನೊಬ್ಬಾಕೆ ದೃಷ್ಟಿ ತೆಗೆಯಲು ಕೆಂಡ ತುಂಬಿದ ಒಡೆದ ಮಡಕೆಯ ಬೋಕಿ ಹಿಡಿದು ನಿಂತಿದ್ದಳು. ಹೊಸ ಸೊಸೆ ಅತ್ತೆಯ ಮುಂದೆ ಬಾಯಿ ತೆರೆಯುವಂತಿಲ್ಲ. ಗಂಟು ಹಾಕಿದ ಸೆರಗನ್ನು ಜಗ್ಗಿದೆ. ನಮ್ಮವರು ನಕ್ಕರು. ಮತ್ತೆ ಜಗ್ಗಿದೆ.

"ಸುಮ್ನ ಕುಂಡ್ರು, ಅವ್ವ ಬಂದಾಳ" ಎಂದು ಪಿಸುಗುಟ್ಟಿದರು.

ಆರತಿ ನನ್ನ ಮುಖದ ಮಟ್ಟಕ್ಕೆ ಬಂತು. ಅಲ್ಲಿಂದ ಅದು ಕಾಲಿನವರೆಗೂ ಇಳಿಯುತ್ತದೆ. ನನಗೆ ಮತ್ತೇನೂ ತೋಚಲಿಲ್ಲ. ಮುಂದಕ್ಕೆ ಬಾಗಿ ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಊದಿಬಿಟ್ಟೆ. ಐದೂ ಬತ್ತಿ ಆರಿದವು.

ಹಲಗಿ ನಿಂತಿತು. ನಮ್ಮಲ್ಲಿ ಅಡುಗೆಮನೆಯ ಬುಡ್ಡಿ ದೀಪವನ್ನೂ ಬಾಯಿಂದ ಊದಿ ಆರಿಸುವುದಿಲ್ಲ. ನಾನು ಆರಿಸಿದ್ದು ಅತ್ತೆಯ ಕೈಯ ಆರತಿಯನ್ನು.

"ಅಯ್ಯ ನಮ್ಮವ್ವ! ಬಾಯಿಲೆ ದೀಪ ಊದಿದ್ಲಲ್ಲೇ!" ಎಂದು ಯಾರೋ ಬಾಯಿ ಬಡಿದುಕೊಂಡರು. ಕಾಕಾ ಕೆಂಪಾಗಿ ಕೆಳಗಿಳಿದು ನಿಂತು, "ಮೋಟಾರ್ ತಿರುಗಸ್ರಿ! ಇಂಥಾಕಿನ್ನ ತವರಿಗೆ ಬಿಟ್ಟು ಬರೂಣು!" ಎಂದರು. ಅತ್ತೆ ಮಾತ್ರ ಹೊಗೆಯಾಡುವ ತಟ್ಟೆ ಹಿಡಿದು ನಿಂತೇ ಇದ್ದರು. ಅವರ ಕಣ್ಣಲ್ಲಿದ್ದುದು ಸಿಟ್ಟಲ್ಲ, ಹೆದರಿಕೆ. ಮಗನಿಗೆ ಏನು ಕೇಡು ತಂದಳೋ ಈಕೆ ಎಂಬ ಹೆದರಿಕೆ.

ಕೆಂಡದವಳು ಏನಾಯಿತೆಂದು ನೋಡಲು ಮುಂದೆ ಬಂದಳು. ಆಗ ನಾನು ಕಿರುಚಿದೆ. "ಕೆಂಡ ದೂರ ಒಯ್ರೀ! ಕೆಳಗ ಪೆಟ್ರೋಲ್ ಸೋರಾಕತ್ತೈತಿ!" ಗಂಡನ ಊರಿನಲ್ಲಿ ನಾನು ಆಡಿದ ಮೊದಲ ಮಾತು ಇದು.

ಮೌಲಾಸಾಬರು ಓಡಿಬಂದು ಕೌದಿ ಮುಟ್ಟಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. "ಯಾ ಅಲ್ಲಾ! ಎಲ್ಲಾರೂ ಹಿಂದ ಸರೀರಿ! ಅವ್ವಾರ, ಕೆಂಡ ಒಯ್ರಿ!" ನಮ್ಮಿಬ್ಬರನ್ನೂ ಆಚೆ ಬದಿಯಿಂದ ಇಳಿಸಿದರು. ಗಂಟು ಬಿಚ್ಚಲು ಪುರಸೊತ್ತಿರಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಎಳೆದಾಡುತ್ತ ಓಡಿದೆವು. ಮೌಲಾಸಾಬರು ಹಗ್ಗ ಕೊಯ್ದು ಡಬ್ಬಿಯನ್ನು ದೂರದ ಕಲ್ಲಿನ ಮರೆಗೆ ಇಟ್ಟು, ಕೌದಿಯನ್ನು ಬೀಳು ಹೊಲದಲ್ಲಿ ಎಸೆದು ಬಂದರು.

ಕಾಕಾನ ಜಂಬ ಇನ್ನೂ ಇಳಿದಿರಲಿಲ್ಲ. "ಹಸಿ ಕೌದಿ ಎಲ್ಲಿ ಉರೀತೈತಿ? ಇಷ್ಟಕ್ಕ ಆರತಿ ಊದೂದೇನಿತ್ತು?" ಎನ್ನುತ್ತ, ಮೌಲಾಸಾಬರು ಬೇಡವೆಂದರೂ ಕೇಳದೆ, ಒಂದು ಹತ್ತಿಕಟ್ಟಿಗೆಗೆ ಕೆಂಡದಿಂದ ಉರಿ ಹಚ್ಚಿಕೊಂಡು ಹೋಗಿ ತುಸು ದೂರದಿಂದ ಕೌದಿಯತ್ತ ಒಗೆದರು.

ಭುಗ್ಗೆಂದಿತು. ಉರಿ ಆಳೆತ್ತರ ಎದ್ದಿತು. ಕಾಕಾ ಹಿಂದಕ್ಕೆ ಬಿದ್ದರು, ಅವರ ಒಂದು ಹುಬ್ಬು ಸುಟ್ಟುಹೋಯಿತು. ಅವ್ವನ ಹಸಿರು ಸೀರೆಯ ತುಂಡು, ಕೆಂಪು ಸೀರೆಯ ತುಂಡು ಒಂದೊಂದಾಗಿ ಉರಿದುಹೋದುದನ್ನು ನೋಡುತ್ತ ನಾನು ಜೋರಾಗಿ ಅತ್ತುಬಿಟ್ಟೆ. ಹೆದರಿದ್ದಾಳೆ ಎಂದು ಜನ ಅಂದುಕೊಂಡರು.

ಅತ್ತೆ ನೆಲದ ಮೇಲೆಯೇ ಕುಸಿದು ಕುಳಿತಿದ್ದರು. ಆರಿದ ಆರತಿ ಮಡಿಲಲ್ಲಿತ್ತು. ಬಹಳ ಹೊತ್ತಿನ ಮೇಲೆ ಎದ್ದು ಬಂದು, ನನ್ನ ಬಾಯಿ ಒರೆಸಿ, "ಈ ಬಾಯಿಗೆ ಯಾರರ ಒಂದ ಮಾತ ಅಂದೀರಿ, ನೋಡ್ರಿ ಮತ್ತ!" ಎಂದರು. ಕಾಕಾ ಹುಬ್ಬು ಮುಚ್ಚಿಕೊಂಡು ತಲೆ ತಗ್ಗಿಸಿದರು. ಅಗಸಿಯ ಪಕ್ಕದ ಮನೆಯಲ್ಲಿ ಅತ್ತೆ ನನ್ನ ತೊಯ್ದ ಧಾರೆ ಸೀರೆ ಬಿಚ್ಚಿಸಿ, ತಮ್ಮದೊಂದು ಹಳೆಯ ಸೀರೆ ತರಿಸಿ ಉಡಿಸಿದರು. ಮೋಟಾರಿನ ಮದುಮಗಳು ಕಡೆಗೆ ಅತ್ತೆಯ ಮಾಸಿದ ಸೀರೆಯಲ್ಲಿ ನಡೆದುಕೊಂಡೇ ಗಂಡನ ಮನೆ ಸೇರಿದಳು.

ಹೊಸ್ತಿಲಲ್ಲಿ ಮತ್ತೆ ಆರತಿ ಬಂತು. ಬತ್ತಿಗೆ ಉರಿ ಹಿಡಿಯುವ ಮೊದಲು ಅತ್ತೆ ಬಾಗಿ ನನ್ನ ಸೀರೆಯ ಅಂಚು ಮೂಸಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಹಚ್ಚಲೇನವಾ?"

ನಾನು ತಲೆಯಾಡಿಸಿದೆ. ಅದು ಅವರಿಗೆ ರೂಢಿಯೇ ಆಗಿಹೋಯಿತು. ಹಬ್ಬದ ಆರತಿ ಇರಲಿ, ಸಂಜೆಯ ದೀಪ ಇರಲಿ, ಬತ್ತಿ ಹೊಸೆದಿಟ್ಟು ನನ್ನ ಕಡೆ ತಿರುಗಿ "ಹಚ್ಚಲೇನವಾ?" ಎನ್ನುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಅತ್ತೆಯಾದವಳು ಸೊಸೆಯ ಅಪ್ಪಣೆ ಕೇಳುವುದೆಂದರೆ ಅದೆಷ್ಟು ದೊಡ್ಡದು ಎಂದು ನನಗೆ ತಿಳಿದದ್ದು ನಾನೇ ಅತ್ತೆಯಾದ ಮೇಲೆ.

ಅವರು ತೀರಿಹೋದ ದಿನ ತಲೆಯ ಹತ್ತಿರ ದೀಪವಿಡಲು ಮನೆಯವರು ನನ್ನನ್ನೇ ಕರೆದರು. ಬತ್ತಿ ಸರಿಮಾಡಿ, ಕಡ್ಡಿ ಗೀರುವ ಮೊದಲು ನನಗೆ ಗೊತ್ತಿಲ್ಲದೆಯೇ ಅವರ ಮುಖದ ಕಡೆ ತಿರುಗಿ ಕೇಳಿದೆ: "ಹಚ್ಚಲೇನ್ರಿ ಅತ್ತಿ?"