ಖಾಲಿ ಚೌಕಗಳು

ಬೆಳಗ್ಗೆ ಆರೂವರೆ. ಶಾಲೆಯ ಗೇಟು ಇನ್ನೂ ಪೂರ್ತಿ ತೆರೆದಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಸ್ಟುಡಿಯೋ ಟೀಚರ್ ಪೆನ್ ಡ್ರೈವ್ ಹಾಕಿ, ಮಕ್ಕಳು ಮಾಡಿದ ಕಥೆಯೊಂದನ್ನು ತೆರೆಯುತ್ತಾರೆ. ದನಿ ಬರುತ್ತದೆ, ಚಿತ್ರ ಬರುವುದಿಲ್ಲ. ಪರದೆ ತುಂಬ ಖಾಲಿ ಚೌಕಗಳು. ಇನ್ನೊಂದು ತೆರೆಯುತ್ತಾರೆ, ಅದೂ ಅಷ್ಟೇ. ಇವರ ತರಗತಿಯ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ.

ಆಗಿದ್ದಿಷ್ಟೆ. ದನಿಯ ಫೋಲ್ಡರ್ ನಕಲಾಗಿದೆ, ಚಿತ್ರಗಳದ್ದು ಉಳಿದುಬಿಟ್ಟಿದೆ. ಆ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ರಿಪೇರಿಯವನು ನಿನ್ನೆ ಸಂಜೆಯೇ ಅಳಿಸಿ ಹಾಕಿದ್ದಾನೆ. "ಫೋಲ್ಡರ್ ಎಲ್ಲಾ ತಗೊಳ್ಳಿ ಅಂತ ಮಕ್ಕಳಿಗೆ ದಿನಕ್ಕೆ ಹತ್ತು ಸಲ ಬಡ್ಕೋತೀನಿ. ನಾನೇ ಎಡವಿದೆ ನೋಡಿ," ಎನ್ನುತ್ತಾರೆ ಟೀಚರ್.

ಹತ್ತು ಗಂಟೆಗೆ ಮುಖ್ಯೋಪಾಧ್ಯಾಯರು ಕಥೆ ನೋಡಲು ಬರುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಸೋಮವಾರದಿಂದ ಈ ಕೋಣೆ ಪರೀಕ್ಷೆಯ ವಿಶೇಷ ತರಗತಿಗೆ. ಈ ಬೊಂಬೆಯಾಟಕ್ಕೆ ಒಂದು ಕೋಣೆ ಬೇರೆ ಕೇಡು ಎಂದು ಅವರು ಆಗಲೇ ಅಂದಾಗಿದೆ.

ಹದಿನೆಂಟು ವರ್ಷ ಫೋಟೋ ಸ್ಟುಡಿಯೋದಲ್ಲಿ ದುಡಿದವರು ಈ ಟೀಚರ್, ಹೆಸರು ಅಲ್ಲಿಂದಲೇ ಅಂಟಿದ್ದು. ಅಂಗಡಿ ಮುಚ್ಚಿದಾಗ ಇನ್ನು ಮನೆಯಲ್ಲಿರು ಎಂದರಂತೆ ಗಂಡ. ಕೇಳುವ ಜಾಯಮಾನವೇ ಇವರದ್ದು? ಆರು ವರ್ಷದಿಂದ ಇಲ್ಲಿ ತಾತ್ಕಾಲಿಕ ಟೀಚರ್. ದಿನಕ್ಕೆ ಐದು ತರಗತಿ, ತರಗತಿಗೆ ನಲವತ್ತೆರಡು ಮಕ್ಕಳು. ಒಂಬತ್ತು ಕಂಪ್ಯೂಟರಲ್ಲಿ ಓಡುವುದು ಆರು. ಪ್ರತಿ ಮಗುವಿಗೂ ಎರಡು ನಿಮಿಷದ ಕಥೆ: ತಾನೇ ತೆಗೆದ ಎಂಟು ಚಿತ್ರ, ಸ್ವಂತ ದನಿ, ನಾಲ್ಕು ಸಾಲು ಬರಹ. ಚಿತ್ರ ಹೇಳಿದ್ದನ್ನು ಬಾಯಿ ಮತ್ತೆ ಹೇಳಬಾರದು ಎಂಬುದು ಅವರ ಕಟ್ಟುನಿಟ್ಟಿನ ಪಾಠ.

ಇವತ್ತು ಆ ಪಾಠವೇ ಕುತ್ತಿಗೆಗೆ ಬಂದಿದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ತನ್ನ ಅಮ್ಮನ ಕಥೆ ಮಾಡಿದ್ದಾಳೆ. "ಅಮ್ಮ ದಿನಾ ಇದನ್ನ ತುಳೀತಾಳೆ. ಆಮೇಲೆ ಇಲ್ಲಿ," ಎನ್ನುತ್ತದೆ ದನಿ. ಯಾವುದನ್ನು, ಎಲ್ಲಿ? ಚಿತ್ರಕ್ಕಷ್ಟೇ ಗೊತ್ತು.

ಹತ್ತು ಗಂಟೆ. ಮುಖ್ಯೋಪಾಧ್ಯಾಯರು ಕುರ್ಚಿ ಎಳೆದುಕೊಂಡು ಗಡಿಯಾರ ನೋಡುತ್ತಾರೆ. ಟೀಚರ್ ಸುತ್ತಿ ಬಳಸದೆ ತಪ್ಪು ತಮ್ಮದೇ ಎನ್ನುತ್ತಾರೆ. ಆಮೇಲೆ ಆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಡುತ್ತಾರೆ. "ಚಿತ್ರ ನಿನ್ನ ತಲೇಲಿದೆ ಅಲ್ವಾ ಪುಟ್ಟಿ? ಬೋರ್ಡ್ ಮೇಲೆ ಬಿಡಿಸು. ನಾನು ದನಿ ನಿಲ್ಲಿಸಿ ನಿಲ್ಲಿಸಿ ಹಾಕ್ತೀನಿ."

ಹುಡುಗಿ ಅಲ್ಲಾಡುವುದಿಲ್ಲ. ಕೊನೆಗೂ ಕೈ ಮೇಲೇಳುತ್ತದೆ. ಹೊಲಿಗೆ ಯಂತ್ರದ ಪೆಡಲ್ ಮೂಡುತ್ತದೆ, ಅದರ ಮೇಲೆ ಒಂದು ಪಾದ. "ಇಲ್ಲಿ" ಎಂದು ದನಿ ಹೇಳಿ ನಿಂತಾಗ ಅವಳೊಂದು ಮಂಡಿ ಬಿಡಿಸುತ್ತಾಳೆ, ಅಳತೆ ಮೀರಿ ದಪ್ಪಗೆ.

ಮಂಡಿ ಯಾಕೆ ಅಷ್ಟು ದೊಡ್ಡದು ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ.

ಹುಡುಗಿ ಬೋರ್ಡಿನಿಂದ ಇತ್ತ ತಿರುಗುತ್ತಾಳೆ. "ಊದಿಕೊಂಡಿದೆ ಸರ್. ಅಮ್ಮ ಯಾರಿಗೂ ಹೇಳಲ್ಲ. ಅದಕ್ಕೇ ನಾನು ಹೇಳ್ದೆ."

ಮುಖ್ಯೋಪಾಧ್ಯಾಯರು ಕುರ್ಚಿ ಹಿಂದಕ್ಕೆ ತಳ್ಳುತ್ತಾರೆ. ವಿಶೇಷ ತರಗತಿ ಬೇರೆಲ್ಲಾದರೂ ನಡೆಯಲಿ ಎಂದಷ್ಟೇ ಹೇಳಿ ಎದ್ದು ಹೋಗುತ್ತಾರೆ. ಚೆನ್ನಾಗಿದೆ ಎಂಬ ಒಂದು ಮಾತೂ ಇಲ್ಲ.

ಬೇಜಾರಾಯಿತೇ ಎಂದು ಟೀಚರನ್ನು ಕೇಳುತ್ತೇನೆ. ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ.

"ನಾನು ಕಲಿಸಿದ್ದು ಫೋಟೋ ತೆಗೆಯೋದು, ದನಿ ಸೇರಿಸೋದು. ಎರಡು ವರ್ಷದಲ್ಲಿ ಈ ಮಗು ದೊಡ್ಡವರ ಮುಖ ನೋಡಿ ಮಾತಾಡಿದ್ದು ಇವತ್ತೇ."